ನಲವತ್ತರ ಕೆಳಗೆ ಇಳಿಯದ ಕಾರು

ಕಾರು ನೋಡಲು ಬಂದವರು ಮೊದಲು ಬಾಗಿಲು ತೆಗೆದು ಮುಚ್ಚಿ ನೋಡುತ್ತಾರೆ. ಆಮೇಲೆ ಡಿಕ್ಕಿ ತೆಗೆಸಿ, ಶೇಂಗಾ ಚೀಲ ಎಷ್ಟು ಹಿಡಿಸುತ್ತವೆ ಎಂದು ಕಣ್ಣಲ್ಲೇ ಅಳೆಯುತ್ತಾರೆ. ಬ್ಯಾಟರಿ ಕೆಟ್ಟರೆ ರಿಪೇರಿ ಮಾಡುವವರು ಈ ಕಡೆ ಯಾರಿದ್ದಾರೆ, ಎಸಿ ಹಾಕಿದರೆ ಎಷ್ಟು ಚಾರ್ಜ್ ತಿನ್ನುತ್ತದೆ, ಮಳೆಯಲ್ಲಿ ವೈರ್ ಹಾಕಿದರೆ ಶಾಕ್ ಹೊಡೆಯುತ್ತದಾ, ಮುಂದೆ ಮಾರಲು ಹೋದರೆ ಯಾರಾದರೂ ಕೊಳ್ಳುತ್ತಾರಾ ಎಂದೆಲ್ಲ ಕೇಳುತ್ತಾರೆ. ಎಲ್ಲ ಕೇಳಿ ಆದಮೇಲೆ, ಮೊದಲೇ ಕೇಳಬೇಕೆಂದಿದ್ದ ಪ್ರಶ್ನೆಗೆ ಬರುತ್ತಾರೆ. ಒಂದು ಸಲ ತುಂಬಿಸಿದರೆ ಎಷ್ಟು ಓಡುತ್ತದೆ?

ಹೋದ ವಾರ ಕೊಂಡ್ಲಹಳ್ಳಿಯಿಂದ ಬಂದವನೂ ಇದನ್ನೇ ಕೇಳಿದ. ಸಂತೆ ಸಂತೆ ತಿರುಗಿ ರೆಡಿಮೇಡ್ ಬಟ್ಟೆ ಮಾರುವವನು. ಮೈಯೆಲ್ಲ ಮಾತು.

"ಕಂಪನಿಯೋರು ಹೇಳಾದು ಬ್ಯಾಡ್ರಿ ಅಣ್ಣಾರೆ, ಅದು ಅವರ ಲೆಕ್ಕ. ನೀವು ಓಡ್ಸಿದ್ದು ಹೇಳ್ರಿ. ಎಷ್ಟಕ್ಕೆ ನಿಂತೋಗ್ತೈತೆ?"

"ಗೊತ್ತಿಲ್ಲಪ್ಪ," ಎಂದೆ.

"ಎಲ್ಡು ವರ್ಷ ಓಡ್ಸೀರಿ, ಗೊತ್ತಿಲ್ಲ ಅಂತೀರಲ್ರಿ! ಹೆಣ್ಣು ಕೊಡಾರೂ ಹುಡುಗಿ ವಯಸ್ಸು ಇಷ್ಟು ಮುಚ್ಚಿಡಲ್ಲ."

ಅವನು ನಕ್ಕ. ನನಗೂ ನಗಬೇಕೆನಿಸಿತು, ಆದರೆ ಆಗಲಿಲ್ಲ. ನಾನು ಮುಚ್ಚಿಟ್ಟಿರಲಿಲ್ಲ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ಒಂದೇ ಒಂದು ದಿನ ಬಿಟ್ಟರೆ ಆ ಕಾರನ್ನು ನಾನು ನಲವತ್ತರ ಕೆಳಗೆ ಇಳಿಯಲು ಬಿಟ್ಟಿರಲಿಲ್ಲ. ನೋಡಿ ಹೇಳುತ್ತೇನೆ, ಒಂದು ವಾರ ಕೊಡು ಎಂದು ಅವನನ್ನು ಕಳಿಸಿದೆ. ಈ ಪ್ರಶ್ನೆಯನ್ನು ಅವನಿಗಿಂತ ಮೊದಲು, ಅವನಿಗಿಂತ ಹೆಚ್ಚು ಸಲ ಕೇಳಿದವಳು ನನ್ನ ಹೆಂಡತಿ. ಅವಳು ಹೋಗಿ ಆರು ತಿಂಗಳಾಯಿತು.

ನಾನು ನೇಕಾರ. ಮೊಳಕಾಲ್ಮೂರಿನಲ್ಲಿ ನಮ್ಮ ಓಣಿಯ ಎಲ್ಲರಂತೆ ರೇಷ್ಮೆ ಸೀರೆ ನೇಯುತ್ತೇನೆ. ಹತ್ತನೇ ಕ್ಲಾಸಿನವರೆಗೆ ಓದಿದ್ದೇನೆ. ಮನೆಯಲ್ಲಿ ಆಡುವುದು ತೆಲುಗು, ಬರೆಯಲು ಬರುವುದು ಕನ್ನಡ. ಅಗಲ ಅಂಚಿನ ಸೀರೆಯನ್ನು ಒಬ್ಬರೇ ನೇಯಲು ಆಗುವುದಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತವನು ಒಡಲಿನ ಲಾಳಿ ಎಸೆದರೆ, ಪಕ್ಕದಲ್ಲಿ ಕೂತವರು ಅಂಚಿನ ಲಾಳಿಯನ್ನು ಕೊಟ್ಟು ತೆಗೆದುಕೊಳ್ಳಬೇಕು. ಮದುವೆಯಾದ ವರ್ಷದಿಂದ ನನ್ನ ಬಲಗಡೆ ಅವಳು ಕೂತಿದ್ದಳು. ಮೂವತ್ತು ವರ್ಷ ನನ್ನ ಬಲಭುಜಕ್ಕೆ ಅವಳ ಎಡಭುಜ ತಗುಲುತ್ತಿತ್ತು. ಮಗ್ಗದ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಆದ್ದರಿಂದ ನಾವು ಕಡಿಮೆ ಮಾತಾಡಿ ಬದುಕಿದವರು. ಹಸಿವಾದರೆ ಅವಳು ಲಾಳಿಯಿಂದ ಹಲಗೆಯನ್ನು ಎರಡು ಸಲ ತಟ್ಟುತ್ತಿದ್ದಳು, ಅಷ್ಟೇ.

ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತಿವೆ ಎಂದು ಡಾಕ್ಟರು ಹೇಳಿದ ಮೇಲೆ ಡಯಾಲಿಸಿಸ್ ಶುರುವಾಯಿತು. ಎರಡು ಮೂರು ಕಡೆ ಹೆಸರು ಬರೆಸಿದ್ದೆವು. ಸರದಿ ಬಂದದ್ದು ಚಳ್ಳಕೆರೆಯಲ್ಲಿ. ಸೋಮವಾರ, ಬುಧವಾರ, ಶುಕ್ರವಾರ. ಹೋಗಲು ಐವತ್ತು ಕಿಲೋಮೀಟರ್, ಬರಲು ಐವತ್ತು. ಅವಳಿಗೆ ಹುಡುಗಿಯಾಗಿದ್ದಾಗಿನಿಂದ ಡೀಸೆಲ್ ವಾಸನೆ ಆಗದು. ಬಸ್ಸು ಹತ್ತಿದರೆ ವಾಂತಿ. ಮೊದಲ ತಿಂಗಳು ಬಸ್ಸಿನಲ್ಲೇ ಹೋದೆವು. ಹೋಗುವಾಗ ರೋಗಕ್ಕೆ ನರಳಿದರೆ ಬರುವಾಗ ಬಸ್ಸಿಗೆ ನರಳುತ್ತಿದ್ದಳು. ಒಂದು ದಿನ ಬಸ್ಸಿನಿಂದ ಇಳಿದವಳು ಸೆರಗಿನಿಂದ ಬಾಯಿ ಒರೆಸಿಕೊಂಡು, "ಕಾಯಿಲೆಗಿಂತ ಮುಂಚೆ ಈ ಬಸ್ಸೇ ನನ್ನ ಕರ್ಕೊಂಡು ಹೋಗ್ತೈತೆ ನೋಡ್ರಿ," ಎಂದಳು. ಬಾಡಿಗೆ ಕಾರು ವಾರಕ್ಕೆ ಮೂರು ದಿನ ನಮ್ಮಂಥವರಿಗೆ ನಡೆಯುವ ಮಾತಲ್ಲ.

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಯಜಮಾನರೊಬ್ಬರಿದ್ದಾರೆ. ಅವರ ಮನೆಯ ಮೂರು ಮದುವೆಗೆ ಸೀರೆ ನೇಯ್ದುಕೊಟ್ಟಿದ್ದೆ, ಆ ಪರಿಚಯ. ಆಸ್ಪತ್ರೆಯ ಮುಂದೆ ನಾನು ಸುಮ್ಮನೆ ನಿಂತದ್ದನ್ನು ಕಂಡು ವಿಷಯ ಕೇಳಿದರು. ಎಲೆಕ್ಟ್ರಿಕ್ ಕಾರಿನ ಮಾತು ಮೊದಲು ಎತ್ತಿದ್ದು ಅವರೇ.

"ಸಣ್ಣದು, ಹಳೇದು ಒಂದು ತಗೊಳ್ರಿ. ದುರ್ಗದಾಗ ನನಗೆ ಗೊತ್ತಿರೋರದು ಒಂದೈತೆ, ರಿಟೈರ್ಡ್ ಆಫೀಸರದು, ದೇವಸ್ಥಾನಕ್ಕೆ ಬಿಟ್ರೆ ಎಲ್ಲಿಗೂ ಓಡಿಸಿಲ್ಲ. ಪೆಟ್ರೋಲಿಂದು ಕಮ್ಮಿಗೆ ಸಿಕ್ಕೀತು, ಆದ್ರೆ ದಿನಾ ಕುಡಿಯೋದು ಅದು. ಇದಕ್ಕೆ ಮನೆ ಕರೆಂಟು ಸಾಕು."

"ನನಗೆ ಓಡಿಸಾಕೆ ಬರಲ್ರಿ."

"ಗೇರೇ ಇಲ್ಲ ಕಣ್ರಿ. ಮಗ್ಗ ತುಳಿಯೋನಿಗೆ ಇದೊಂದು ದೊಡ್ಡದಾ?"

ಕೊಳ್ಳುವ ಮುಂಚೆ ಮೂವರೂ ಅದರಲ್ಲಿ ಮೂರು ವಿಷಯ ನೋಡಿದೆವು. ಯಜಮಾನರು ಬ್ಯಾಟರಿಯ ಗ್ಯಾರಂಟಿ ಕಾಗದ ತರಿಸಿ, ಕನ್ನಡಕ ಹಣೆಗೇರಿಸಿ, ಇನ್ನೂ ಎಷ್ಟು ವರ್ಷ ಉಳಿದಿದೆ, ನಮ್ಮ ಹೆಸರಿಗೆ ಬದಲಾದ ಮೇಲೂ ಅದು ನಡೆಯುತ್ತದಾ ಎಂದು ಫೋನ್ ಮಾಡಿ ಕೇಳಿದರು. ನಾನು ನೋಡಿದ್ದು ಹೋಗಿ ಬರಲು ಸಾಕಾಗಿ ಸ್ವಲ್ಪ ಉಳಿಯುತ್ತದಾ ಎಂದು. ಅವಳು ಯಾರನ್ನೂ ಏನೂ ಕೇಳಲಿಲ್ಲ. ಬಾಗಿಲು ತೆಗೆದು ಒಳಗೆ ಕೂತಳು, ಮೂಗೆಳೆದು ವಾಸನೆ ನೋಡಿದಳು. ಒಮ್ಮೆ ಇಳಿದಳು, ಮತ್ತೆ ಕೂತಳು. ಸೀಟು ಎತ್ತರವಿತ್ತು, ಊದಿದ ಕಾಲನ್ನು ಮಡಿಸಿ ಬಗ್ಗಬೇಕಾಗಿರಲಿಲ್ಲ. "ಇದಾದ್ರೆ ಆಗ್ತೈತೆ," ಎಂದಳು. ಟಿವಿಯಂಥ ಪರದೆ ಇಲ್ಲ, ಹಿಂದಿನ ಗಾಜು ಕೈಯಲ್ಲೇ ಇಳಿಸಬೇಕು, ಬಣ್ಣ ಅಲ್ಲಲ್ಲಿ ಮಂಕಾಗಿತ್ತು. ಅದು ಯಾವುದೂ ನಮಗೆ ಬೇಕಿರಲಿಲ್ಲ. ನಮ್ಮ ಎರಡು ಮಗ್ಗದಲ್ಲಿ ಒಂದನ್ನು ಮಾರಿ, ಉಳಿದದ್ದಕ್ಕೆ ಸೊಸೈಟಿಯಲ್ಲಿ ಸಾಲ ಮಾಡಿ ತಂದೆವು.

ಓಡಿಸಲು ಕಲಿಯುವಾಗ ಎಣ್ಣೆ ಮಿಲ್ಲಿನವರ ಮಾತು ಸುಳ್ಳಾಯಿತು. ಗುಂಡಿ ಮಗ್ಗದಲ್ಲಿ ಎರಡೂ ಕಾಲಿಗೆ ಕೆಲಸ. ಒಂದು ಕಾಲುಮಣೆ ಒತ್ತಿದರೆ ಇನ್ನೊಂದು ತಾನೇ ಏಳಬೇಕು. ಆ ಅಭ್ಯಾಸಕ್ಕೆ ಬಲಗಾಲು ಕಾರನ್ನು ಓಡಿಸಿದರೆ ಎಡಗಾಲು ತನ್ನಷ್ಟಕ್ಕೆ ಬ್ರೇಕನ್ನು ತುಳಿಯುತ್ತಿತ್ತು. ಕಾರು ಕುಣಿದು ಕುಣಿದು ನಿಲ್ಲುತ್ತಿತ್ತು. ಕಲಿಸುವವನು ಬಾಗಿಲ ಹಿಡಿ ಬಿಡುತ್ತಿರಲಿಲ್ಲ. ಹಿಂದೆ ಕೂತ ಅವಳು ಕಾಯಿಲೆ ಮರೆತು ನಗುತ್ತಿದ್ದಳು. "ಏನ್ರೀ, ಆ ಎಡಗಾಲು ಮನೇಲಿ ಬಿಟ್ಟು ಬರ್ರಿ. ನಾನು ಕಾಯ್ತೀನಿ ಅದನ್ನ." ಕೊನೆಗೆ ಅವಳ ಹಳೆಯ ಸೀರೆಯ ಅಂಚಿನಿಂದ ಎಡಗಾಲನ್ನು ಸೀಟಿನ ಬುಡಕ್ಕೆ ಕಟ್ಟಿಕೊಂಡು ಒಂದು ವಾರ ಕಲಿತೆ. ಓಣಿಯವರು ಇಂದಿಗೂ ಆ ಮಾತು ಆಡಿಕೊಳ್ಳುತ್ತಾರೆ.

ಮೊದಲ ಸೋಮವಾರ ಮುಂದಿನ ಸೀಟಿನಲ್ಲಿ ಕೂತವಳು ಸ್ವಲ್ಪ ಹೊತ್ತು ಮುಜುಗರಪಟ್ಟಳು. "ನಿಮ್ಮ ಎಡಗಡೆ ಕೂತು ಅಭ್ಯಾಸಿಲ್ಲ ನನಗೆ," ಎಂದಳು. ಕಾರು ಊರು ದಾಟಿತು. ಆಗ ನಾವಿಬ್ಬರೂ ಒಂದನ್ನು ಗಮನಿಸಿದೆವು. ಸದ್ದೇ ಇರಲಿಲ್ಲ. ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ಬದುಕಿದವರಿಗೆ ಮೆಲ್ಲಗೆ ಮಾತಾಡಿದರೂ ಕೇಳುವಂಥ ಜಾಗ ಸಿಕ್ಕಿತ್ತು. ಅವಳ ಮೆಲುದನಿ ಹೇಗಿರುತ್ತದೆ ಎಂದು ನನಗೆ ಆಗಲೇ ಸರಿಯಾಗಿ ಗೊತ್ತಾದದ್ದು. ಚಳ್ಳಕೆರೆಯ ದಾರಿಯಲ್ಲಿ ಅವಳು ತನ್ನ ಬಾಲ್ಯ ಹೇಳಿದಳು, ಬೇಡವಾದ ಒಂದು ಮದುವೆ ಸಂಬಂಧದ ಕತೆ ಹೇಳಿದಳು, ನಮ್ಮ ತಾಯಿ ಅವಳಿಗೆ ಆಡಿದ ಮಾತುಗಳನ್ನು ಹೇಳಿದಳು. ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಬಿಟ್ಟು ನಾನು ಕಾರನ್ನು ಎಣ್ಣೆ ಮಿಲ್ಲಿಗೆ ಒಯ್ಯುತ್ತಿದ್ದೆ. ಮಿಲ್ಲಿನ ಗೋಡೆಗೆ ದೊಡ್ಡ ಪಿನ್ನಿನ ಪ್ಲಗ್ ಪಾಯಿಂಟ್ ಇತ್ತು. ಯಜಮಾನರು ದುಡ್ಡು ಬೇಡವೆಂದರೂ ತಿಂಗಳಿಗೊಮ್ಮೆ ಅವರ ಮನೆಯ ಹಳೆಯ ಸೀರೆಗಳ ಅಂಚು ಸರಿಮಾಡಿಕೊಡುತ್ತಿದ್ದೆ. ಅವಳಿಗೆ ಅಲ್ಲಿ ನಾಲ್ಕು ತಾಸು, ಕಾರಿಗೆ ಇಲ್ಲಿ ನಾಲ್ಕು ತಾಸು. "ನಂದೂ ಅದರದೂ ಒಂದೇ ಪಾಡು," ಎನ್ನುತ್ತಿದ್ದಳು. "ಇಬ್ರಿಗೂ ವೈರ್ ಚುಚ್ಚಿ ಮಲಗಿಸ್ತಾರೆ. ಅದು ಎದ್ದು ಓಡ್ತೈತೆ, ನಾನು ಎದ್ದು ಅದರಾಗೆ ಕೂತ್ಕೋತೀನಿ."

ಕಾರಿನ ಪರದೆಯಲ್ಲಿ ಒಂದು ಅಂಕಿ ಇರುತ್ತದೆ. ತುಂಬಿದಾಗ ನೂರು, ಓಡಿದಂತೆ ಇಳಿಯುತ್ತ ಬರುತ್ತದೆ. ನನ್ನ ಕಣ್ಣು ರಸ್ತೆಗಿಂತ ಅದರ ಮೇಲೆಯೇ ಹೆಚ್ಚು ಇರುತ್ತಿತ್ತು. ಅದಕ್ಕೆ ಕಾರಣ ನಮ್ಮ ಕಸುಬು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳನ್ನು ಹಾಸು ಎನ್ನುತ್ತೇವೆ. ಆ ಹಾಸನ್ನು ಯಾವ ನೇಕಾರನೂ ಕೊನೆಯವರೆಗೆ ನೇಯುವುದಿಲ್ಲ. ಮೊಳದಷ್ಟು ತುದಿ ಬಿಟ್ಟು ನಿಲ್ಲಿಸುತ್ತೇವೆ. ಆ ತುದಿಯ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಆಸೆಪಟ್ಟು ತುದಿಯವರೆಗೂ ನೇಯ್ದರೆ ಎಳೆಗಳೆಲ್ಲ ಜಾರಿ ಹೊರಬಿದ್ದು ಮತ್ತೆ ಪೋಣಿಸಲು ದಿನಗಟ್ಟಲೆ ಬೇಕು. ಚಿಕ್ಕವನಿದ್ದಾಗ ನಾನು ಒಮ್ಮೆ ಹಾಗೆ ಮಾಡಿ ಅಪ್ಪನ ಕೈಲಿ ಏಟು ತಿಂದಿದ್ದೆ. ತುದಿ ಉಳಿಸುವುದು ನನ್ನ ಕೈಗೆ ಹತ್ತಿದ ಬುದ್ಧಿ. ಕಾರಿಗೂ ತುದಿ ಉಳಿಸಿದೆ. ಆ ತುದಿ ನಲವತ್ತು.

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಕಾರು ತಂದ ಎರಡನೇ ತಿಂಗಳು, ಆಷಾಢದ ಗಾಳಿಯ ದಿನಗಳು. ಹಿಂದಿನ ರಾತ್ರಿ ನಮ್ಮೂರಲ್ಲಿ ಕರೆಂಟು ಹೋಗಿ ಕಾರು ಅರ್ಧ ಮಾತ್ರ ತುಂಬಿತ್ತು. ಮಿಲ್ಲಿನಲ್ಲಿ ತುಂಬಿಸಿಕೊಂಡರಾಯಿತೆಂದು ಹೊರಟೆ. ಅಂದು ಮಿಲ್ಲಿನ ಕಡೆಯೂ ಲೈನ್ ಕೆಲಸ, ಸಂಜೆಯ ಹೊತ್ತಿಗೆ ಸ್ವಲ್ಪವೇ ಕರೆಂಟು ಸಿಕ್ಕಿತು. ವಾಪಸ್ ಬರುವಾಗ ಹಾನಗಲ್ ಹತ್ತಿರಕ್ಕೆ ಅಂಕಿ ಒಂಬತ್ತಕ್ಕೆ ಬಂತು. ಪರದೆ ಕೆಂಪಗಾಯಿತು. ರಸ್ತೆ ಬದಿಯ ಹೋಟೆಲಿನವನನ್ನು ಬೇಡಿ, ಅವನ ಗ್ರೈಂಡರಿನ ಪ್ಲಗ್ ತೆಗೆಸಿ, ವೈರ್ ಹಾಕಿದೆ. ಅವಳು ಹೋಟೆಲಿನ ಬೆಂಚಿನ ಮೇಲೆ ಗೋಡೆಗೊರಗಿ ಕೂತು ನಡುಗುತ್ತಿದ್ದಳು. ಊರು ಆರೇಳು ಕಿಲೋಮೀಟರ್ ದೂರದಲ್ಲಿತ್ತು. ಒಂಬತ್ತರಲ್ಲೇ ಮನೆ ಸೇರಬಹುದಿತ್ತೋ ಏನೋ. ನನಗೆ ಧೈರ್ಯ ಬರಲಿಲ್ಲ. ಅಂದಿನಿಂದ ಅಂಕಿ ನಲವತ್ತೈದಕ್ಕೆ ಬಂದರೆ ಎಸಿ ಆರಿಸಿಬಿಡುತ್ತಿದ್ದೆ.

ಅವಳಿಗೆ ಒಬ್ಬಳೇ ಅಕ್ಕ. ಸಿದ್ದಾಪುರದಲ್ಲಿದ್ದಾಳೆ, ಹಳೆಯ ಕಾಲದ ಶಾಸನದ ಬಂಡೆ ಇರುವ ಊರು. ಗಂಡ ಮಗ್ಗ ಬಿಟ್ಟು ಶೇಂಗಾ ಬೆಳೆಯಲು ನಿಂತವನು, ಈಗಿಲ್ಲ. ಹೆಂಡತಿಯ ಅಕ್ಕನನ್ನು ನಾವು ವದಿನ ಎನ್ನುತ್ತೇವೆ. ಮೊಳಕಾಲ್ಮೂರಿನಿಂದ ಸಿದ್ದಾಪುರಕ್ಕೆ ಇಪ್ಪತ್ತು ಕಿಲೋಮೀಟರೂ ಇಲ್ಲ, ಆದರೆ ಚಳ್ಳಕೆರೆಗೆ ಪೂರ್ತಿ ಎದುರು ದಿಕ್ಕು. ಮದುವೆಯಾದಾಗಿನಿಂದ ಅವಳು ಅಲ್ಲಿಗೆ ಹೋಗಿದ್ದೆಲ್ಲ ದೇವಸಮುದ್ರದ ಬಸ್ಸಿನಲ್ಲಿ, ವಾಂತಿ ಮಾಡಿಕೊಂಡು, ದಾರಿಯಲ್ಲಿ ಇಳಿದು, ಬಿಸಿಲಲ್ಲಿ ನಡೆದು. ಕಾಯಿಲೆ ಬಂದ ಮೇಲೆ ಹೋಗಿಯೇ ಇರಲಿಲ್ಲ. ಅಕ್ಕನಿಗೆ ಮಂಡಿ ಹಿಡಿದು ಅವಳೂ ಬರುತ್ತಿರಲಿಲ್ಲ. ಇಬ್ಬರೂ ದಿನಾ ಫೋನಿನಲ್ಲೇ ಮಾತಾಡುತ್ತಿದ್ದರು.

"ನಮ್ಮಕ್ಕ ಏನಂತಾಳೆ ಗೊತ್ತಾ? ಶಾಸನದ ಬಂಡೆ ನೋಡಾಕೆ ಎಲ್ಲೆಲ್ಲಿಂದಲೋ ಕಾರಾಗ ಬರ್ತಾರೆ, ನನ್ನ ನೋಡಾಕೆ ಒಂದು ಕಾರೂ ನಿಂದ್ರಲ್ಲ ಅಂತಾಳೆ." ಹೇಳಿ ನನ್ನ ಮುಖ ನೋಡಿದಳು. "ಒಂದ್ಸಲ ಅವಳ ಮನೆ ಮುಂದೆ ಕಾರಾಗ ಹೋಗಿ ಇಳೀಬೇಕು ನಾನು. ಪೋದಾಮಾ?"

ಹೋಗೋಣವಾ ಎನ್ನುವುದಕ್ಕೆ ನಮ್ಮ ಮನೆಯ ಮಾತು ಅದು. ಪೋದಾಮಾ. ಒಂದೂವರೆ ವರ್ಷದಲ್ಲಿ ಅದನ್ನು ಅವಳು ಎಷ್ಟು ಸಲ ಕೇಳಿರಬಹುದು. ಚಳ್ಳಕೆರೆಯಿಂದ ಬರುತ್ತ ಊರಿನ ಬಾಗಿಲಿಗೆ ಬಂದಾಗ ಕೇಳುತ್ತಿದ್ದಳು. "ಇನ್ನೂ ಬೆಳಕೈತೆ. ಹಂಗೇ ಮುಂದಕ್ಕೆ ಹೋಗೋಣ." ನಾನು ಪರದೆ ತೋರಿಸುತ್ತಿದ್ದೆ. "ಅರವತ್ತು ಐತೆ. ಹೋಗಿ ಬಂದ್ರೆ ತುದಿ ಮುಟ್ತೈತೆ. ರಾತ್ರಿ ಕರೆಂಟು ಕೈಕೊಟ್ರೆ ನಿನ್ನ ಡಯಾಲಿಸಿಸ್ ತಪ್ತೈತೆ."

"ನಾಳೆ ರಜಾ ದಿನ."

"ನಾಳೆ ತುಂಬಿದ್ರೆ ತಾನೆ ನಾಡಿದ್ದಿಗೆ?"

"ಅಲ್ರೀ, ಕಾರಿಗೂ ತುದಿ ಬಿಡ್ತೀರಾ? ಅದಕ್ಕೇನು ಕೆಚ್ಚಬೇಕಾ ನೀವು?"

ಒಂದು ಸಲ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತೋರಿಸಿ, "ಅಷ್ಟೊಂದು ಕರೆಂಟು ಅಲ್ಲಿ ಸುಮ್ನೆ ತಿರುಗ್ತೈತೆ. ನಿಮಗೊಬ್ಬರಿಗೆ ಸಾಲಲ್ಲ," ಎಂದಳು. ಇನ್ನೊಂದು ಸಲ ಕಿಟಕಿಯ ಕಡೆ ತಿರುಗಿ ಕೂತಳು. ನಾನು ಪ್ರತಿ ಸಲವೂ ಹೇಳಿದ್ದು ಒಂದೇ. ಅಲ್ಲಿ ಚಾರ್ಜ್ ಹಾಕೋಕೆ ದೊಡ್ಡ ಪಿನ್ನಿನ ಪಾಯಿಂಟ್ ಇಲ್ಲ. ಅದೊಂದು ಇದ್ದಿದ್ದರೆ ಹೋಗಬಹುದಿತ್ತು.

ಅವಳ ಮೇಲಿನ ಕಾಳಜಿಗೇ ಹಾಗೆ ಹೇಳುತ್ತಿದ್ದೇನೆ ಎಂದು ನಾನು ತಿಳಿದಿದ್ದೆ. ಈಗ ಯೋಚಿಸಿದರೆ ಅದರಲ್ಲಿ ಅರ್ಧ ಭಾಗ ನನ್ನ ಭಯ. ಹೋಟೆಲಿನ ಬೆಂಚಿನ ಮೇಲೆ ಅವಳು ನಡುಗಿದ್ದನ್ನು ನಾನು ಇನ್ನೊಮ್ಮೆ ನೋಡಲಾರದವನಾಗಿದ್ದೆ. ಅವಳು ಆ ಬೆಂಚನ್ನು ಮಾರನೆಯ ದಿನವೇ ಮರೆತಿದ್ದಳು.

ಕೊನೆಯ ತಿಂಗಳಲ್ಲಿ ಅವಳು ಕೇಳುವುದನ್ನು ನಿಲ್ಲಿಸಿದಳು. ಅದರ ಬದಲು ಫೋನಿನಲ್ಲಿ ಅಕ್ಕನ ಜೊತೆ ಗುಸುಗುಸು ಮಾತು ಹೆಚ್ಚಾಯಿತು. ನಾನು ಹತ್ತಿರ ಹೋದರೆ ನಿಲ್ಲಿಸಿ ನಗುತ್ತಿದ್ದಳು. "ಅಕ್ಕತಂಗೇರದು ನೂರು ಇರ್ತೈತೆ, ನಿಮಗ್ಯಾಕೆ?" ಎನ್ನುತ್ತಿದ್ದಳು. ಹೋಗುವ ಆಸೆ ಬಿಟ್ಟಳೆಂದು ನಾನು ಒಳಗೊಳಗೇ ಸಮಾಧಾನಪಟ್ಟೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಒಂದು ಬುಧವಾರ ಬೆಳಿಗ್ಗೆ ಹೊರಡಲು ಎಬ್ಬಿಸಲು ಹೋದೆ. ಎದ್ದು ಕೂತಿದ್ದಳು, ತಲೆಯನ್ನೂ ಬಾಚಿಕೊಂಡಿದ್ದಳು. ಉಸಿರು ಕಟ್ಟುತ್ತಿದೆ ಎಂದು ಸನ್ನೆ ಮಾಡಿದಳು. ನೀರು ತರಲು ತಿರುಗಿದೆ. ಮಂಚದ ಹಲಗೆಯನ್ನು ಎರಡು ಸಲ ತಟ್ಟಿದ ಸದ್ದು ಕೇಳಿತು. ತಿರುಗಿ ನೋಡುವಷ್ಟರಲ್ಲಿ ಮುಗಿದಿತ್ತು. ಓಣಿಯವರು ಓಡಿಬಂದು ಕಾರಿಗೆ ಹಾಕಿರೆಂದು ಕೂಗಿದರು. ಯಾರೋ ಬಾಗಿಲು ತೆಗೆದೂಬಿಟ್ಟಿದ್ದರು. ಪರದೆ ಬೆಳಗಿತು. ಅದರಲ್ಲಿ ನೂರು ಎಂದು ಇತ್ತು.

ವದಿನ ಮಣ್ಣಿಗೆ ಬಂದಳು. ಹನ್ನೊಂದನೇ ದಿನದವರೆಗೆ ಇದ್ದಳು. ಹೊರಡುವಾಗ ನಾನು ಕಾರಿನಲ್ಲಿ ಬಿಟ್ಟು ಬರುತ್ತೇನೆ ಎಂದು ಹೇಳಬೇಕಿತ್ತು. ಬದುಕಿದ್ದಾಗ ತಂಗಿಯನ್ನು ಒಯ್ಯದ ಕಾರಿನಲ್ಲಿ ಈಗ ಅಕ್ಕನನ್ನು ಯಾವ ಮುಖ ಇಟ್ಟುಕೊಂಡು ಕೂರಿಸಲಿ? ಅವಳೂ ಕಾರಿನ ಕಡೆ ನೋಡಲಿಲ್ಲ. ಸಂಬಂಧಿಕರ ಜೀಪಿನಲ್ಲಿ ಹೋದಳು. ರಾಯದುರ್ಗಕ್ಕೆ ಮದುವೆ ಮಾಡಿಕೊಟ್ಟಿದ್ದ ಮಗಳು ಬಂದು ತಿಂಗಳೊಪ್ಪತ್ತು ಇದ್ದಳು. ಹೋಗುವಾಗ, "ಅಪ್ಪಾ, ಅದು ಮನೆ ಮುಂದೆ ನಿಂತಿರೋದು ಬ್ಯಾಡ, ಮಾರಿಬಿಡು," ಎಂದಳು. ಕಂತು ಕಟ್ಟುವುದೂ ಇತ್ತು. ಸರಿ ಎಂದೆ. ಮಗ್ಗ ಹಾಗೇ ನಿಂತಿತ್ತು. ಹಾಸಿನ ತುದಿ ನೇತಾಡುತ್ತಿತ್ತು, ಕೆಚ್ಚುವ ಕೈ ಅವಳದಾಗಿತ್ತು.

ಕೊಂಡ್ಲಹಳ್ಳಿಯವನಿಗೆ ಉತ್ತರ ಕೊಡಬೇಕಾದ್ದರಿಂದ ಈ ಸೋಮವಾರ ಕಾರನ್ನು ಪೂರ್ತಿ ತುಂಬಿಸಿ ಹೊರಟೆ. ಬೇಕೆಂದೇ ಸೋಮವಾರ ಆರಿಸಿಕೊಂಡೆನೋ, ಅದಾಗಿಯೇ ಬಂತೋ ಹೇಳಲಾರೆ. ಚಳ್ಳಕೆರೆಗೆ ಹೋದೆ. ಅವಳು ಜೊತೆಗಿದ್ದಾಗಿನ ವೇಗದಲ್ಲೇ, ಎಸಿ ಅಷ್ಟೇ ಇಟ್ಟು. ಆಸ್ಪತ್ರೆಯ ಮುಂದೆ ನಿಲ್ಲಿಸಲಿಲ್ಲ. ಮಿಲ್ಲಿನ ಮುಂದೆ ನಿಲ್ಲಿಸಿದೆ, ಆದರೆ ವೈರ್ ತೆಗೆಯಲಿಲ್ಲ. ಯಜಮಾನರು ಹೊರಗೆ ಬಂದರು.

"ಚಾರ್ಜಿಗೆ ಹಾಕಲ್ವೇನ್ರಿ?"

"ಇವತ್ತು ಬ್ಯಾಡ್ರಿ. ಎಷ್ಟು ಓಡ್ತೈತೋ ನೋಡ್ಬೇಕು."

ಅವರು ಒಳಗೆ ಹೋದರು. ಒಂದು ಬಾಟಲಿ ಎಣ್ಣೆ ತಂದು ಸೀಟಿನ ಮೇಲಿಟ್ಟು, "ನಿಂತೋದ್ರೆ ಫೋನ್ ಮಾಡ್ರಿ, ಗಾಡಿ ಕಳಿಸ್ತೀನಿ," ಎಂದರು. ಎಡಗಡೆಯ ಸೀಟಿನ ಮೇಲೆ ಆ ಬಾಟಲಿ ಊರಿನವರೆಗೂ ಉರುಳಾಡುತ್ತ ಬಂತು.

ಮೊಳಕಾಲ್ಮೂರು ಬಂದಾಗ ಪರದೆಯಲ್ಲಿ ನಲವತ್ತಮೂರು. ಅವಳು ಕೇಳುತ್ತಿದ್ದ ಜಾಗದಲ್ಲಿ ಕಾರು ನಿಧಾನ ಮಾಡಿದೆ. ಇನ್ನೂ ಬೆಳಕಿತ್ತು. ನಿಲ್ಲಿಸದೆ ಮುಂದಕ್ಕೆ ಬಿಟ್ಟೆ. ನಲವತ್ತಾಯಿತು, ಮೂವತ್ತೊಂಬತ್ತಾಯಿತು. ಏನೂ ಆಗಲಿಲ್ಲ. ಪರದೆ ಕೆಂಪಗಾಗಲಿಲ್ಲ, ಕಾರು ಮುಗ್ಗರಿಸಲಿಲ್ಲ. ಬಂಡೆಗುಡ್ಡಗಳ ನಡುವೆ ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು. ಕಾಯುವಾಗ ಮತ್ತೆ ಮತ್ತೆ ಪರದೆ ನೋಡಿದೆ. ನಿಂತ ಕಾರು ಏನನ್ನೂ ತಿನ್ನುತ್ತಿರಲಿಲ್ಲ. ಸಿದ್ದಾಪುರದಲ್ಲಿ ವದಿನ ಮನೆಯ ಮುಂದೆ ನಿಂತಾಗ ಮೂವತ್ತಮೂರು. ವಾಪಸ್ ಮನೆಗೆ ಹೋದರೂ ಇಪ್ಪತ್ತರ ಮೇಲೆಯೇ ಉಳಿಯುತ್ತಿತ್ತು. ಚಳ್ಳಕೆರೆಯಲ್ಲಿ ಒಂದು ಹನಿ ತುಂಬಿಸದೆ. ಮಿಲ್ಲಿನಲ್ಲಿ ನಾಲ್ಕು ತಾಸು ತುಂಬಿಸಿಕೊಂಡ ದಿನಗಳಲ್ಲಿ ಅದೆಷ್ಟು ಉಳಿಯುತ್ತಿತ್ತೋ. ಸ್ಟಿಯರಿಂಗ್ ಹಿಡಿದು ಕೂತೇ ಇದ್ದೆ, ಇಳಿಯಲು ಆಗಲಿಲ್ಲ.

ವದಿನ ಗೋಡೆ ಹಿಡಿದುಕೊಂಡು ಹೊರಬಂದಳು. ಕಾರನ್ನು ನೋಡಿದಳು, ಎಡಗಡೆಯ ಸೀಟನ್ನು ನೋಡಿದಳು. ಅಳಲಿಲ್ಲ.

"ಬಂದ್ಯಾ ಮರಿದಿ," ಎಂದಳು. ತಂಗಿಯ ಗಂಡನನ್ನು ಕರೆಯುವುದು ಹಾಗೆ. "ಈಗ ಬಂದ್ಯಾ."

"ಬಂದೆ ವದಿನಾ."

"ಇನ್ನೂ ಈಚೆಗೆ ತಗೋ. ವೈರ್ ಎಟಕಬೇಕಲ್ಲ."

ನನಗೆ ಅರ್ಥವಾಗಲಿಲ್ಲ. ಅವಳು ಕೈ ತೋರಿಸಿದ ಕಡೆ ನೋಡಿದೆ. ಕಟ್ಟೆಯ ಮೇಲಿನ ಗೋಡೆಯಲ್ಲಿ, ಸೊಂಟದ ಎತ್ತರಕ್ಕೆ, ಒಂದು ಪ್ಲಗ್ ಪಾಯಿಂಟ್ ಇತ್ತು. ದೊಡ್ಡ ಪಿನ್ನಿನದು. ಮೇಲೆ ಮಳೆ ಬೀಳದ ಹಾಗೆ ಒಂದು ತಗಡು ಬಾಗಿಸಿ ಹೊಡೆದಿದ್ದರು. ಸ್ವಿಚ್ಚಿನ ಮೇಲೆ ಅಂಗಡಿಯಿಂದ ತಂದಾಗಿನ ಪ್ಲಾಸ್ಟಿಕ್ ಹಾಳೆ ಇನ್ನೂ ಅಂಟಿಕೊಂಡಿತ್ತು, ಧೂಳು ಹಿಡಿದು ಕಂದಾಗಿತ್ತು. ಹೊಸ ವೈರಿಗಾಗಿ ಕೊರೆದ ಗೋಡೆಗೆ ಮೆತ್ತಿದ ಸಿಮೆಂಟಿಗೆ ಸುಣ್ಣ ಹೊಡೆದಿರಲಿಲ್ಲ.

"ಅವಳೇ ಹಾಕ್ಸಿದ್ದು. ಫೋನಾಗೇ ಎಲ್ಲ ಹೇಳೋಳು. ಎಂಥದು ತರಬೇಕು, ಎಷ್ಟು ಎತ್ತರ ಇರಬೇಕು, ಮಳೆ ಬೀಳಬಾರದು. ನಿನಗೆ ಹೇಳಬ್ಯಾಡ ಅಂದ್ಲು. ಪಾಯಿಂಟ್ ಇಲ್ಲ ಪಾಯಿಂಟ್ ಇಲ್ಲ ಅಂತಾರೆ, ಮುಂದಿನ ಗುರುವಾರ ಬಾಯಿ ಮುಚ್ಚಿಸ್ತೀನಿ ಅಂದ್ಲು."

ಅವಳು ಹೋದದ್ದು ಆ ಗುರುವಾರದ ಹಿಂದಿನ ದಿನ. ಕೊನೆಯ ತಿಂಗಳಲ್ಲಿ ಫೋನಿನ ಗುಸುಗುಸು ಯಾತಕ್ಕಿತ್ತು ಎಂಬುದು ಆಗ ತಿಳಿಯಿತು.

"ಹನ್ನೊಂದು ದಿನ ನಮ್ಮನೇಲಿ ಇದ್ಯಲ್ಲ ವದಿನಾ, ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ನೀನಾಗೇ ಬರ್ತೀಯ, ಬಂದಾಗ ನೋಡ್ಲಿ ಅಂದ್ಕೊಂಡೆ. ಆರು ತಿಂಗಳು ಮಾಡ್ತೀಯ ಅಂತ ಅಂದ್ಕೊಂಡಿರ್ಲಿಲ್ಲ." ಪಾಯಿಂಟಿನ ಕಡೆ ಕೈ ಮಾಡಿದಳು. "ಹಾಕು. ಸುಮ್ನೆ ನಿಂತೈತೆ ಅದು."

"ಇನ್ನೂ ಐತೆ ವದಿನಾ. ಮನೆಗೆ ಹೋಗಾಕೆ ಸಾಕು."

"ಸಾಕಾದ್ರೂ ಹಾಕು."

ಡಿಕ್ಕಿಯಿಂದ ವೈರ್ ತೆಗೆದೆ. ಪ್ಲಾಸ್ಟಿಕ್ ಹಾಳೆಯನ್ನು ಉಗುರಿನಿಂದ ಬಿಡಿಸಿದೆ. ಅದು ಒಂದೇ ತುಂಡಾಗಿ ಬಂತು, ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಸ್ವಿಚ್ಚು ಒತ್ತಲು ಬಿಗಿಯಿತ್ತು. ಯಾರೂ ಒತ್ತಿರಲಿಲ್ಲ. ಹೆಬ್ಬೆಟ್ಟು ಇಟ್ಟು ಜೋರಾಗಿ ಒತ್ತಿದೆ. ಕಾರಿನ ಮುಂದೆ ಹಸಿರು ದೀಪ ಹತ್ತಿತು. ವದಿನ ಕಟ್ಟೆಯ ಮೇಲೆ ಮಂಡಿ ಚಾಚಿ ಕೂತಳು. ಶಾಸನ ನೋಡಿ ಬಂದ ಒಂದು ಕಾರು ನಮ್ಮನ್ನು ದಾಟಿ ಹೋಯಿತು. ಅವಳು ಅದನ್ನು ನೋಡಿ, ಆಮೇಲೆ ನಮ್ಮ ಕಾರನ್ನು ನೋಡಿ, "ಎಷ್ಟು ಹೊತ್ತು ಬೇಕು ತುಂಬಾಕೆ?" ಎಂದಳು.

"ತುಂಬ ಹೊತ್ತು ಬೇಕು."

"ಆಗ್ಲಿ. ಊಟ ಮಾಡೀವಂತೆ."

ಅಷ್ಟರಲ್ಲಿ ಫೋನ್ ಬಂತು. ಕೊಂಡ್ಲಹಳ್ಳಿಯವನು.

"ಏನಣ್ಣಾರೆ, ಗೊತ್ತಾಯ್ತೇನ್ರಿ? ಎಷ್ಟು ಓಡ್ತೈತೆ?"

ಚಳ್ಳಕೆರೆಗೆ ಹೋಗಿ ಬಂದು, ಆಮೇಲೆ ಸಿದ್ದಾಪುರಕ್ಕೂ ಬಂದೆ, ಇನ್ನೂ ಮೂವತ್ತಮೂರು ಇದೆ ಎಂದು ಹೇಳಿದೆ.

"ಓ, ಹಂಗಾದ್ರೆ ಬಿಡ್ರಿ! ಸಂತೆ ಮುಗಿಸಿ ಮನೆ ಸೇರಿದ್ರೆ ಸಾಕು ನಮಗೆ. ಅಷ್ಟು ಸಾಕ್ರಿ, ಅಷ್ಟೇ ಸಾಕು."

"ಹೌದಪ್ಪ," ಎಂದೆ. ನಮಗೂ ಅಷ್ಟೇ ಸಾಕಿತ್ತು ಎಂದು ಅವನಿಗೆ ಹೇಳಲಿಲ್ಲ. ಭಾನುವಾರ ಬಂದು ತೆಗೆದುಕೊಂಡು ಹೋಗು ಎಂದು ಹೇಳಿ ಫೋನ್ ಇಟ್ಟೆ. ವದಿನ ಒಳಗೆ ಒಲೆ ಹಚ್ಚಿದಳು. ನಾನು ಕಾರಿನ ಎಡಗಡೆಯ ಬಾಗಿಲು ತೆಗೆದು, ಎಣ್ಣೆಯ ಬಾಟಲಿ ಎತ್ತಿ ಕೆಳಗಿಟ್ಟು, ಮೊದಲ ಸಲ ಆ ಸೀಟಿನಲ್ಲಿ ಕೂತೆ. ಅಲ್ಲಿಂದ ನೋಡಿದರೆ ಅಂಕಿ ಸರಿಯಾಗಿ ಕಾಣುತ್ತಿರಲಿಲ್ಲ. ಸ್ಟಿಯರಿಂಗ್ ಅಡ್ಡ ಬರುತ್ತಿತ್ತು. ಅಕ್ಕನ ಮನೆಯ ಬಾಗಿಲು ಮಾತ್ರ ನೇರ ಎದುರಿಗೆ ಇತ್ತು.